ಊರಿನ ಸುದ್ದಿಗೆ ಊರಿನದೇ ದುಡ್ಡು

ಮಹಾರಾಷ್ಟ್ರದ ಉಜನಿ ಮತ್ತು ವೀರ್ ಜಲಾಶಯಗಳಿಂದ ಭೀಮೆಗೆ ನೀರು ಬಿಟ್ಟರೆ ಬೆಂಗಳೂರಿನ ವಾಹಿನಿಗಳಲ್ಲಿ ಅದು ಪರದೆಯ ಕೆಳಗೆ ಓಡಿಹೋಗುವ ಒಂದು ಸಾಲು. ಅಫಜಲಪುರ ತಾಲ್ಲೂಕಿನ ನದಿದಂಡೆಯ ರೈತನಿಗೆ ಅಷ್ಟು ಸಾಲದು. ದಡದಲ್ಲಿ ಕೂರಿಸಿದ ಪಂಪ್‌ಸೆಟ್ ಇವತ್ತೇ ಸಂಜೆ ಬಿಚ್ಚಿ ಮೇಲಕ್ಕೆ ಸಾಗಿಸಬೇಕೋ, ಬೆಳಗಿನತನಕ ಕಾಯಬಹುದೋ ಎಂಬುದು ಅವನಿಗೆ ತಿಳಿಯಬೇಕು. ಸೊನ್ನ ಬ್ಯಾರೇಜಿಗೆ ಎಷ್ಟು ಗಂಟೆಗೆ ಎಷ್ಟು ಕ್ಯುಸೆಕ್ ಬಂತು, ಎಷ್ಟು ಹೊರಗೆ ಹೋಯಿತು, ಘತ್ತರಗಿಯ ಸೇತುವೆ ಮುಳುಗಿತೇ, ಗಾಣಗಾಪುರದ ದಾರಿ ತೆರೆದಿದೆಯೇ, ಕೆಳಗೆ ಜೇವರ್ಗಿ ಕಡೆ ಕಟ್ಟಿಸಂಗಾವಿಯ ಸೇತುವೆಯ ಮೇಲೆ ಬಸ್ಸು ಓಡುತ್ತಿದೆಯೇ? ಆಳಂದ ತಾಲ್ಲೂಕಿನ ಅಮರ್ಜಾ ಅಣೆಕಟ್ಟಿನಿಂದ ಹೊರಟ ನೀರು ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಕೂಡುವುದರಿಂದ ಅದರ ಲೆಕ್ಕವೂ ಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗಲೂ 2025ರ ಸೆಪ್ಟೆಂಬರಿನಲ್ಲಿ ಮತ್ತೆ ಉಕ್ಕಿದಾಗಲೂ ಜನ ಕೇಳಿದ್ದು ಇವೇ ಪ್ರಶ್ನೆಗಳನ್ನು. ಇವುಗಳಿಗೆ ಉತ್ತರ ಕೊಡಬೇಕಾದ ಸುದ್ದಿಸಂಸ್ಥೆ ತಾಲ್ಲೂಕಿನ ಒಳಗೇ ಇರಬೇಕು. ಅಂಥ ಸಂಸ್ಥೆ ಹೇಗೆ ನಡೆಯುತ್ತದೆ, ಅದರ ಖರ್ಚನ್ನು ಯಾರು ಹೊರುತ್ತಾರೆ ಎಂಬುದು ಈ ಲೇಖನದ ವಿಷಯ.

ಕಲಬುರಗಿ ಜಿಲ್ಲೆಯ ಯಾವ ತಾಲ್ಲೂಕು ಕೇಂದ್ರದಲ್ಲೂ ಇವತ್ತು ಸಭೆ-ಸಮಾರಂಭಕ್ಕೆ ಹೋದರೆ ವೇದಿಕೆಯ ಮುಂದೆ ಬಣ್ಣಬಣ್ಣದ ಲೋಗೊ ಅಂಟಿಸಿದ ಮೈಕುಗಳು ಕಾಣುತ್ತವೆ. ಅವುಗಳ ಹಿಂದಿರುವುದು ಒಂದು ಯೂಟ್ಯೂಬ್ ಚಾನೆಲ್, ಒಂದು ಫೇಸ್‌ಬುಕ್ ಪುಟ, ಕೆಲವರದಾದರೆ ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಪೋರ್ಟಲ್. ಸುದ್ದಿ ಓದುಗರಿಗೆ ಮುಟ್ಟುವುದು ಮಾತ್ರ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ. ಒಂದು ಗುಂಪಿನಲ್ಲಿ 1,024 ಜನರಿಗಿಂತ ಹೆಚ್ಚು ಸೇರುವಂತಿಲ್ಲವಾದ್ದರಿಂದ ಅದೇ ಲಿಂಕು ಹತ್ತಾರು ಗುಂಪುಗಳಿಗೆ ಹೋಗುತ್ತದೆ. ಇದನ್ನು ನಡೆಸುವವರು ಹೆಚ್ಚಾಗಿ ಯಾವುದೋ ಪತ್ರಿಕೆಗೆ ಅರೆಕಾಲಿಕ ವರದಿಗಾರರಾಗಿದ್ದವರು, ಇಲ್ಲವೇ ಈಗಲೂ ಆಗಿರುವವರು. ಆ ಕೆಲಸದ ಪದ್ಧತಿ ಎಲ್ಲರಿಗೂ ಗೊತ್ತಿರುವಂಥದ್ದೇ: ಗೌರವಧನ ಪುಡಿಗಾಸು, ತಂದ ಜಾಹೀರಾತಿನ ಮೇಲೆ ಕಮಿಷನ್. ಹೊಸ ಮಾಧ್ಯಮಕ್ಕೂ ಅದೇ ಪದ್ಧತಿ ಬಂದಿದೆ. ಶಾಸಕರ ಹುಟ್ಟುಹಬ್ಬ, ಯುಗಾದಿ, ದೀಪಾವಳಿ, ರಾಜ್ಯೋತ್ಸವ, ಅಂಬೇಡ್ಕರ್ ಜಯಂತಿಗಳ ಶುಭಾಶಯದ ಫೋಟೊಗಳೇ ಇದರ ಮುಖ್ಯ ಆದಾಯ. ಮೇ ತಿಂಗಳಲ್ಲಿ ಪಿಯು ಕಾಲೇಜುಗಳು, ಮುಂಗಾರಿಗೆ ಬೀಜ-ಗೊಬ್ಬರದ ಅಂಗಡಿಗಳು, ವರ್ಷವಿಡೀ ಕಲಬುರಗಿ ಮತ್ತು ಸೊಲ್ಲಾಪುರದ ಆಸ್ಪತ್ರೆಗಳು. ಒಳ್ಳೆಯ ವರ್ಷವಾದರೆ ಇಷ್ಟರಲ್ಲೇ ನಡೆದುಹೋಗುತ್ತದೆ. ಚುನಾವಣೆಯ ವರ್ಷವಾದರೆ ಚೆನ್ನಾಗಿಯೇ ನಡೆಯುತ್ತದೆ, ಆದರೆ ಆ ಚೆನ್ನಾಗಿ ನಡೆಯುವಿಕೆಯನ್ನೇ ಅನುಮಾನದಿಂದ ನೋಡಬೇಕು.

ಉಳಿದ ದಾರಿಯೆಂದು ಎಲ್ಲರೂ ಬೊಟ್ಟುಮಾಡುವುದು ವೀಕ್ಷಣೆಯ ಕಡೆಗೆ. ಯೂಟ್ಯೂಬಿನಲ್ಲಿ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಆದರೆ ಜಾಹೀರಾತಿನ ಪಾಲು ಸಿಗುತ್ತದೆ ಎಂಬ ನಿಯಮವನ್ನು ತಾಲ್ಲೂಕಿನ ಹುಡುಗರು ಬಾಯಿಪಾಠ ಮಾಡಿಕೊಂಡಿದ್ದಾರೆ. ಆ ಗೆರೆ ದಾಟುವುದು ದೊಡ್ಡ ಮಾತಲ್ಲ. ದಾಟಿದ ಮೇಲಿನ ಲೆಕ್ಕವೇ ತೊಡಕಿನದು. ಇಬ್ಬರು ವರದಿಗಾರರು, ಪೆಟ್ರೋಲು, ಒಂದು ಕೋಣೆಯ ಬಾಡಿಗೆ, ಇಂಟರ್‌ನೆಟ್ ಸೇರಿ ತಿಂಗಳಿಗೆ 60 ಸಾವಿರ ರೂಪಾಯಿ ಎಂದು ಅಂದಾಜು ಹಿಡಿಯೋಣ. ಅದು ಬಿಗಿಯಾದ ಅಂದಾಜೇ. ಸಾವಿರ ವೀಕ್ಷಣೆಗೆ 20 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ 30 ಲಕ್ಷ, ದಿನಕ್ಕೆ ಒಂದು ಲಕ್ಷ ವೀಕ್ಷಣೆ ಬೇಕು. 2011ರ ಜನಗಣತಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಸೇರಿ ಎಂಟು ಲಕ್ಷ ಚಿಲ್ಲರೆ ಜನ. ಈಗ ಬೇರೆ ತಾಲ್ಲೂಕಾಗಿರುವ ಯಡ್ರಾಮಿ ಆಗ ಜೇವರ್ಗಿಯೊಳಗೇ ಇತ್ತು. ಅಂದರೆ ತೊಟ್ಟಿಲ ಕೂಸನ್ನೂ ಲೆಕ್ಕಕ್ಕೆ ಹಿಡಿದು ಎಂಟು ಜನರಲ್ಲಿ ಒಬ್ಬರು ಪ್ರತಿದಿನ ತಪ್ಪದೆ ನೋಡಬೇಕು. ನಿಂಬರ್ಗಾದ ಗ್ರಾಮಸಭೆಗೆ, ಕರಜಗಿಯ ಶಾಲೆಯ ಶಿಕ್ಷಕರ ಕೊರತೆಗೆ ಅಷ್ಟು ಜನ ಎಂದೂ ಸೇರುವುದಿಲ್ಲ. ಸೇರುವುದು ಅಪಘಾತದ ವಿಡಿಯೊಗೆ, ಜಗಳದ ವಿಡಿಯೊಗೆ, ಸಿನಿಮಾ ನಟರ ಸುದ್ದಿಗೆ. ವೀಕ್ಷಣೆಯ ಹಿಂದೆ ಬಿದ್ದ ತಾಲ್ಲೂಕು ಪೋರ್ಟಲ್ ಆರು ತಿಂಗಳಲ್ಲಿ ತಾಲ್ಲೂಕನ್ನೇ ಬಿಟ್ಟುಬಿಡುವುದು ಇದರಿಂದಲೇ. ಸರ್ಕಾರಿ ಜಾಹೀರಾತು ಕೈಹಿಡಿಯುತ್ತದೆ ಎನ್ನುವಂತೆಯೂ ಇಲ್ಲ. ಕೇಂದ್ರದ 2023ರ ಡಿಜಿಟಲ್ ಜಾಹೀರಾತು ನೀತಿಯ ಅಳತೆಗೋಲೂ ನೋಡುಗರ ತಲೆಯೆಣಿಕೆಯೇ. ಆ ಅಳತೆಯಲ್ಲಿ ಅಫಜಲಪುರ ಯಾವತ್ತಿಗೂ ಸಣ್ಣದೇ.

ಈ ಲೆಕ್ಕದಲ್ಲಿ ಸೋತವರು ನಮ್ಮವರಷ್ಟೇ ಅಲ್ಲ. ಅಮೆರಿಕದಲ್ಲಿ ‘ಪ್ಯಾಚ್’ ಎಂಬ ಸಂಸ್ಥೆಯನ್ನು 2009ರಲ್ಲಿ ಎಒಎಲ್ ಎಂಬ ಇಂಟರ್‌ನೆಟ್ ಕಂಪನಿ ಕೊಂಡು ಊರಿಗೊಂದು ಜಾಲತಾಣ, ಊರಿಗೊಬ್ಬ ಸಂಪಾದಕ ಎಂದು ಸುಮಾರು 900 ಊರುಗಳಿಗೆ ಹಬ್ಬಿಸಿತು. ಒಂದು ಸಣ್ಣ ಊರಿನ ಜಾಹೀರಾತಿನಲ್ಲಿ ಒಬ್ಬ ಸಂಪಾದಕನ ಸಂಬಳ ಹುಟ್ಟಲಿಲ್ಲ. 2014ರ ಹೊತ್ತಿಗೆ ಅದು ಬೇರೆಯವರ ಕೈಗೆ ದಾಟಿತು, ನೂರಾರು ಜನ ಕೆಲಸ ಕಳೆದುಕೊಂಡರು. ನಮ್ಮ ಕರಾವಳಿಯಲ್ಲಿ ದಾಯ್ಜಿವರ್ಲ್ಡ್ ಎಂಬ ಸುದ್ದಿತಾಣ ಎರಡು ದಶಕಕ್ಕೂ ಮೀರಿ ನಿಂತಿದೆಯಲ್ಲ ಎಂದು ಕೇಳಬಹುದು. ಅದರ ಓದುಗರಲ್ಲಿ ದೊಡ್ಡ ಪಾಲು ಕೊಲ್ಲಿ ದೇಶಗಳಲ್ಲಿದೆ; ಊರಿನ ಸಾವು-ಮದುವೆಗಳ ಸುದ್ದಿಗಾಗಿ ದುಬೈ, ಕುವೈತ್‌ಗಳಲ್ಲಿ ಕಾದಿರುವ ಜನ, ಅವರನ್ನು ಮುಟ್ಟಬೇಕಾದ ಅಂಗಡಿಗಳು, ಬಿಲ್ಡರುಗಳು. ಆಳಂದದಿಂದ ಹೊರಗೆ ಹೋದವರೂ ಕಡಿಮೆಯಿಲ್ಲ, ಆದರೆ ಅವರು ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರು. ಊರಿನ ಸುದ್ದಿಯ ಹಸಿವು ಅವರಿಗೂ ಅಷ್ಟೇ ಇದೆ. ಅವರನ್ನು ಹುಡುಕಿಕೊಂಡು ಬರುವ ಜಾಹೀರಾತುದಾರ ಇಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ‘ಸಿಟಿಜನ್ ಮ್ಯಾಟರ್ಸ್’ ವಾರ್ಡುಗಳ ಸುದ್ದಿಯನ್ನು ಎಚ್ಚರದಿಂದ ಮಾಡಿತು. ಅಂಥ ಶ್ರೀಮಂತ ನಗರದಲ್ಲೂ ಅದು ವ್ಯಾಪಾರವಾಗಿ ನಿಲ್ಲದೆ, ದಾನ-ದೇಣಿಗೆಗಳ ಮೇಲೆ ನಡೆಯುವ ಊರ್ವಾಣಿ ಫೌಂಡೇಶನ್ನಿನ ಆಸರೆ ಪಡೆಯಬೇಕಾಯಿತು. ಸಣ್ಣ ಊರುಗಳನ್ನೇ ಗುರಿಯಿಟ್ಟು 2018ರಲ್ಲಿ ಹುಟ್ಟಿದ ‘ಲೋಕಲ್’ ಆ್ಯಪ್‌ ಬೇರೊಂದು ಪಾಠ ಹೇಳುತ್ತದೆ. ಸುದ್ದಿಯಿಂದ ಆರಂಭಿಸಿದ ಅದು ಹಣ ಕಂಡದ್ದು ಕೆಲಸದ ಜಾಹೀರಾತು, ವಧೂವರರ ವಿವರಗಳಂಥ ವಿಭಾಗಗಳಲ್ಲಿ. ಸಣ್ಣ ಊರಿನವರು ಆನ್‌ಲೈನಿನಲ್ಲಿ ದುಡ್ಡು ಬಿಚ್ಚುವುದೇ ಇಲ್ಲ ಎಂಬ ಮಾತು ಇದರಿಂದ ಬಿದ್ದುಹೋಗುತ್ತದೆ. ಉಪಯೋಗಕ್ಕೆ ಬರುವ ಮಾಹಿತಿಗೆ ಬಿಚ್ಚುತ್ತಾರೆ.

ಹಾಗಾದರೆ ಪೇಟೆ ಧಾರಣೆ, ವಧೂವರರ ವಿವರಗಳಷ್ಟೇ ಸಾಕಲ್ಲವೇ, ಪತ್ರಕರ್ತ ಯಾಕೆ ಬೇಕು? ಉತ್ತರ ಆಳಂದದಲ್ಲೇ ಇದೆ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲನೆ ಮಾಡಿದಾಗ ನಿಜವಾಗಿದ್ದವು 24 ಮಾತ್ರ. ಉಳಿದವು ಯಾರದೋ ಹೆಸರಿನಲ್ಲಿ, ಅವರಿಗೇ ಗೊತ್ತಿಲ್ಲದಂತೆ, ಅದೇ ಮತಗಟ್ಟೆಯ ಇನ್ನೊಬ್ಬರ ಹೆಸರು ತೆಗೆಸಲು ಸಲ್ಲಿಸಿದ ಅರ್ಜಿಗಳು. ಗುಟ್ಟು ಬಯಲಾದದ್ದು ಯಾವ ದೊಡ್ಡ ತನಿಖೆಯಿಂದಲೂ ಅಲ್ಲ. ಮತಗಟ್ಟೆ ಅಧಿಕಾರಿಯೊಬ್ಬರಿಗೆ ತಮ್ಮ ಸಂಬಂಧಿಕರ ಹೆಸರನ್ನೇ ತೆಗೆಯುವಂತೆ ಅರ್ಜಿ ಬಂದಾಗ ಅನುಮಾನ ಹುಟ್ಟಿತು. 2023ರ ಫೆಬ್ರುವರಿಯಲ್ಲಿ ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ದೇಶವೆಲ್ಲ ಆಳಂದದ ಹೆಸರು ಕೇಳಿದ್ದು 2025ರ ಸೆಪ್ಟೆಂಬರಿನಲ್ಲಿ, ರಾಹುಲ್ ಗಾಂಧಿಯವರು ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಅದನ್ನು ಎತ್ತಿದ ಮೇಲೆ. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿದ್ದೂ ಆಗಲೇ. ನಡುವೆ ಎರಡೂವರೆ ವರ್ಷ. ಒಂದು ಮತಗಟ್ಟೆಯ ಪಟ್ಟಿಯಲ್ಲಿ ಯಾರ ಹೆಸರು ಯಾಕೆ ಹೋಯಿತು ಎಂದು ತಿಳಿಯಲು ಆ ಓಣಿಯವರ ಹೆಸರು ಗೊತ್ತಿರುವವನೇ ಬೇಕು. ಪ್ರತಿ ಪರಿಷ್ಕರಣೆಯಲ್ಲೂ ಮತಗಟ್ಟೆವಾರು ಸೇರಿದ, ಬಿಟ್ಟುಹೋದ ಹೆಸರುಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಬೇಸರದ ಕೆಲಸ. ವೀಕ್ಷಣೆಗೆ ದುಡಿಯುವ ಚಾನೆಲ್ ಅದನ್ನು ಮಾಡಲಾರದು, ಜಿಲ್ಲಾ ಆವೃತ್ತಿಗೆ ಅದಕ್ಕೆ ಜಾಗ ಸಾಲದು. ತಾಲ್ಲೂಕಿನ ಸುದ್ದಿತಾಣಕ್ಕೆ ಸಲ್ಲಬೇಕಾದದ್ದು ಇದೇ ಕೆಲಸ.

ನನ್ನ ವಾದ ಇಷ್ಟೇ: ತಾಲ್ಲೂಕಿನ ಸುದ್ದಿತಾಣ ಬದುಕಬೇಕಾದರೆ ತಾಲ್ಲೂಕಿನ ಜನರ ಸಣ್ಣ ಸಣ್ಣ ದುಡ್ಡಿನಲ್ಲೇ ಬದುಕಬೇಕು, ಹೊರಗಿನ ವೀಕ್ಷಣೆಯಲ್ಲೂ ಅಲ್ಲ, ಒಬ್ಬಿಬ್ಬರು ದೊಡ್ಡವರ ಶುಭಾಶಯದಲ್ಲೂ ಅಲ್ಲ. ಆ ದುಡ್ಡು ಪುಕ್ಕಟೆ ಬರುವುದಿಲ್ಲ. ದಿನಾ ಉಪಯೋಗಕ್ಕೆ ಬೀಳುವ ಮಾಹಿತಿ ಕೊಟ್ಟು ಗಳಿಸಬೇಕು. ತೊಗರಿಯ ಸೀಮೆ ಇದು. ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕವೂ ಸಿಕ್ಕಿದೆ. ಕಲಬುರಗಿ ಎಪಿಎಂಸಿಯ ಧಾರಣೆಯ ಜೊತೆಗೆ ಸೊಲ್ಲಾಪುರದ ಧಾರಣೆಯನ್ನೂ ಒಂದೇ ಸಾಲಿನಲ್ಲಿ ಕೊಟ್ಟರೆ ಖಜೂರಿ, ಮಾದನ ಹಿಪ್ಪರಗಾದ ಕಡೆಯ ರೈತ ಗಾಡಿ ಯಾವ ದಿಕ್ಕಿಗೆ ತಿರುಗಿಸಬೇಕೆಂದು ಅದನ್ನೇ ನೋಡಿ ತೀರ್ಮಾನಿಸುತ್ತಾನೆ. ನೆಟೆ ರೋಗಕ್ಕೆ ಬೆಳೆ ಹೋದಾಗ ಪರಿಹಾರದ ಪಟ್ಟಿ ಊರುವಾರು ಬೇಕು. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗಕ್ಕಿರುವ ಮೀಸಲಾತಿಯ ಹುದ್ದೆಗಳ ಕರೆ, ಅರ್ಜಿಯ ಕೊನೆಯ ದಿನ, ಯಾವ ಪ್ರಮಾಣಪತ್ರ ಯಾವ ಕಚೇರಿಯಲ್ಲಿ ಎಂಬುದು ಓದಿದ ಮಕ್ಕಳಿರುವ ಪ್ರತಿ ಮನೆಗೂ ಬೇಕು. ಹುಣ್ಣಿಮೆ, ಅಮಾವಾಸ್ಯೆಗೆ ಗಾಣಗಾಪುರದ ದತ್ತನ ದರ್ಶನಕ್ಕೆ ಮಹಾರಾಷ್ಟ್ರದಿಂದ ಬರುವ ಜನಕ್ಕೆ ದಾರಿ, ವಸತಿ, ನದಿಯ ಸ್ಥಿತಿ ತಿಳಿಯಬೇಕು. ಅಲ್ಲಿನ ಲಾಡ್ಜಿನವರು ಅದಕ್ಕೆ ಜಾಹೀರಾತು ಕೊಡಬಲ್ಲರು. ಹೊಲ ಮಾರಾಟ, ಟ್ರ್ಯಾಕ್ಟರ್ ಬಾಡಿಗೆ, ನಿಧನ ವಾರ್ತೆ, ಕಳೆದುಹೋದ ಎಮ್ಮೆಯ ಜಾಹೀರಾತಿನವರೆಗೆ ನೂರು, ಇನ್ನೂರು ರೂಪಾಯಿಯ ವರ್ಗೀಕೃತ ಜಾಹೀರಾತುಗಳೇ ಹಿಂದೆ ಪತ್ರಿಕೆಗಳಿಗೆ ಅನ್ನ ಹಾಕಿದ್ದವು. ತಾಲ್ಲೂಕಿನಲ್ಲಿ ಆ ಜಾಗ ಈಗಲೂ ಖಾಲಿಯಿದೆ. ಸಾವಿರ ಮನೆಗಳು ತಿಂಗಳಿಗೆ 30 ರೂಪಾಯಿ ಕೊಟ್ಟರೆ ಮೇಲೆ ಹೇಳಿದ ಖರ್ಚಿನ ಅರ್ಧ ನೀಗುತ್ತದೆ. ಒಂದು ತಾಲ್ಲೂಕಿನಲ್ಲಿ ಸಾವಿರ ಮನೆ ಕಷ್ಟ, ಮೂರರಲ್ಲಿ ಸಾಧ್ಯ. ಹಾಗಾಗಿ ಮೂರೂ ತಾಲ್ಲೂಕಿಗೆ ಒಂದೇ ಕಚೇರಿ, ಒಂದೇ ಲೆಕ್ಕ, ತಾಲ್ಲೂಕಿಗೊಂದು ಪುಟ ಎನ್ನುವುದೇ ಸರಿಯಾದ ಅಳತೆ ಎಂದು ನನಗನ್ನಿಸುತ್ತದೆ.

ವಾಟ್ಸ್‌ಆ್ಯಪಿನಲ್ಲಿ ಪುಕ್ಕಟೆ ಸಿಗುವುದಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಪುಕ್ಕಟೆ ಸಿಗುವುದು ಫಾರ್ವರ್ಡ್ ಆದ ಸಂದೇಶ. ಅದರಲ್ಲಿ ಸಮಯ ಇರುವುದಿಲ್ಲ, ಹೇಳಿದವರು ಯಾರೆಂದು ಇರುವುದಿಲ್ಲ. ಹೋದ ವರ್ಷದ ಪ್ರವಾಹದ ವಿಡಿಯೊ ಈ ವರ್ಷವೂ ಓಡಾಡುತ್ತದೆ. ನದಿ ಏರುವ ರಾತ್ರಿ ಯಾವುದನ್ನು ನಂಬಬೇಕೆಂಬ ಪ್ರಶ್ನೆಗೆ ಬೆಲೆಯಿದೆ. ಓದುಬರಹದ ಪ್ರಮಾಣವೇ ಕಡಿಮೆಯಲ್ಲವೇ ಎಂದರೆ, ಹೌದು, 2011ರಲ್ಲಿ ಜಿಲ್ಲೆಯದು ಶೇ 65ರ ಆಸುಪಾಸು, ರಾಜ್ಯದ್ದು ಶೇ 75. ಅದಕ್ಕೇ ಧಾರಣೆಯನ್ನೂ ನೀರಿನ ಮಟ್ಟವನ್ನೂ ಒಂದು ನಿಮಿಷದ ಧ್ವನಿಯಾಗಿ, ಈ ಕಡೆಯ ಮಾತಿನಲ್ಲೇ, ಕಳಿಸಬೇಕು. ಇನ್ನು, ಊರಿನವರ ದುಡ್ಡಿನಲ್ಲಿ ನಡೆದರೆ ಊರಿನ ದೊಡ್ಡವರಿಗೆ ಹೆದರಬೇಕಾಗುತ್ತದೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಭೂಸನೂರಿನಲ್ಲೂ ಹವಳಗಾದಲ್ಲೂ ಸಕ್ಕರೆ ಕಾರ್ಖಾನೆಗಳಿರುವ ಸೀಮೆಯಲ್ಲಿ ಕಬ್ಬಿನ ಬಿಲ್ಲಿನ ಸುದ್ದಿಯೂ ಕಾರ್ಖಾನೆಯೊಂದರ ಜಾಹೀರಾತೂ ಒಂದೇ ಪುಟದಲ್ಲಿ ಕೂರುವುದು ಕಷ್ಟ. ಒಬ್ಬನೇ ವರದಿಯನ್ನೂ ಬರೆದು ಜಾಹೀರಾತನ್ನೂ ಕೇಳಲು ಹೋದರೆ ಅದು ಅಸಾಧ್ಯವೇ. ಬ್ಲ್ಯಾಕ್‌ಮೇಲ್ ಮಾಡುವ ಯೂಟ್ಯೂಬ್ ಪತ್ರಕರ್ತರೆಂಬ ದೂರು ಅಧಿಕಾರಿಗಳ ಬಾಯಲ್ಲಿ ಹುಟ್ಟಿದ್ದೂ ಇಲ್ಲಿಂದಲೇ. ಅದರಲ್ಲಿ ಸುಳ್ಳಿನ ಪಾಲು ಇರುವಂತೆ ನಿಜದ ಪಾಲೂ ಇದೆ. ಸಾವಿರ ಜನ ಮೂವತ್ತು ರೂಪಾಯಿ ಕೊಡುವ ಕಡೆ ಒಬ್ಬ ಮೂವತ್ತು ಸಾವಿರ ನಿಲ್ಲಿಸಿದರೆ ಕಚೇರಿ ಮುಚ್ಚುವುದಿಲ್ಲ ಎಂಬುದಷ್ಟೇ ಇದಕ್ಕೆ ಉತ್ತರ. ಜಾಹೀರಾತು ಕೇಳುವವನು ಬೇರೆ, ಬರೆಯುವವನು ಬೇರೆ ಆಗಬೇಕು. ದರಪಟ್ಟಿ ಎಲ್ಲರಿಗೂ ಕಾಣುವಂತಿರಬೇಕು, ದುಡ್ಡು ಕೊಟ್ಟ ಬರಹದ ಮೇಲೆ ಜಾಹೀರಾತು ಎಂದು ಬರೆದಿರಬೇಕು.

ಕಾನೂನಿನ ನೆರವು ಅಷ್ಟಕ್ಕಷ್ಟೆ. 2024ರ ಮಾರ್ಚಿನಿಂದ ಜಾರಿಗೆ ಬಂದ ಪತ್ರಿಕಾ ನೋಂದಣಿ ಕಾಯ್ದೆ ಡಿಜಿಟಲ್ ಸುದ್ದಿಯನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಪೋರ್ಟಲ್ ನಡೆಸುವವನ ಕೈಯಲ್ಲಿ ನೋಂದಣಿ ಸಂಖ್ಯೆ ಇರುವುದಿಲ್ಲ. 2021ರ ಐಟಿ ನಿಯಮಗಳು ಮಾತ್ರ ಪ್ರತಿ ಡಿಜಿಟಲ್ ಸುದ್ದಿ ಪ್ರಕಾಶಕನೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಬಂದ ದೂರನ್ನು 15 ದಿನಗಳಲ್ಲಿ ಇತ್ಯರ್ಥ ಮಾಡಬೇಕೆನ್ನುತ್ತವೆ. ಆ ನಿಯಮಗಳ ಉಳಿದ ಭಾಗದ ಬಗ್ಗೆ ತಕರಾರುಗಳು ಬೇಕಾದಷ್ಟಿವೆ, ಆದರೆ ಈ ಒಂದು ಸಾಲು ಓದುಗನಿಗೆ ಉಪಯುಕ್ತ. ಆಳಂದ, ಅಫಜಲಪುರ, ಜೇವರ್ಗಿಯ ಓದುಗರು ತಮ್ಮ ಫೋನಿಗೆ ದಿನಾ ಬರುವ ಸುದ್ದಿತಾಣದ ಕೆಳಗೆ ಸಂಪಾದಕರ ಹೆಸರು, ವಿಳಾಸ, ದೂರು ಕೊಡಬೇಕಾದವರ ವಿವರ ಇದೆಯೇ ಎಂದು ಒಮ್ಮೆ ನೋಡಿ. ಇಲ್ಲದಿದ್ದರೆ ಕೇಳಿ. ಇದ್ದರೆ, ಕಳೆದ ಒಂದು ತಿಂಗಳಲ್ಲಿ ನಿಮ್ಮ ಪಂಚಾಯಿತಿಯ ಒಂದಾದರೂ ಸುದ್ದಿ ಅದರಲ್ಲಿ ಬಂದಿದ್ದರೆ, ತಿಂಗಳಿಗೆ ಮೂವತ್ತು ರೂಪಾಯಿ ಕೊಟ್ಟು ಒಂದು ವರ್ಷ ನಡೆಸಿ ನೋಡಿ.