ಭಕ್ತಿಕಾವ್ಯಕ್ಕೆ ಪ್ರಶಸ್ತಿ: ಮನ್ನಣೆ ಮತಕ್ಕೋ, ಕಾವ್ಯಕ್ಕೋ?

ಮಗ್ಗೆ (ಆಲೂರು ತಾ.): ದೇವರು, ಧರ್ಮ, ಮುಕ್ತಿಗಳನ್ನು ಕುರಿತ ಕಾವ್ಯಕ್ಕೆ ಪ್ರಶಸ್ತಿ ಪ್ರಕಟವಾದಾಗಲೆಲ್ಲ ಪುರಸ್ಕಾರ ಸಂದದ್ದು ಕವಿಯ ಮತಕ್ಕೋ, ಕಾವ್ಯಕ್ಕೋ ಎಂಬ ಪ್ರಶ್ನೆ ಏಳುವುದುಂಟು. ಹಾಸನ ಜಿಲ್ಲೆಯ ಮಟ್ಟಿಗೆ ಇದು ಹೊಸ ಪ್ರಶ್ನೆಯಲ್ಲ. ಎಂಟು ಶತಮಾನಗಳ ಹಿಂದೆಯೇ ಇಲ್ಲಿ ಅದಕ್ಕೆ ಉತ್ತರ ದೊರೆತಿದೆ.

ಇದೇ ಜಿಲ್ಲೆಯ ಹಳೇಬೀಡು ಅಂದು ಹೊಯ್ಸಳರ ರಾಜಧಾನಿ ದ್ವಾರಸಮುದ್ರವಾಗಿತ್ತು. ಇಮ್ಮಡಿ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ರಚಿಸಿದನು. ಬಲಿಯಾದದ್ದು ಹಿಟ್ಟಿನ ಕೋಳಿಯೇ ಆದರೂ ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬ ಜೈನ ತತ್ತ್ವ ಅದರ ತಿರುಳು. ಜನ್ನನಿಗೆ ಬಲ್ಲಾಳನಿಂದ ‘ಕವಿಚಕ್ರವರ್ತಿ’ ಬಿರುದು ದೊರೆಯಿತು. ಅದೇ ಅರಸನ ಕಾಲದಲ್ಲಿ ಮಂತ್ರಿ ಚಂದ್ರಮೌಳಿಯ ಆಶ್ರಯ ಪಡೆದ ರುದ್ರಭಟ್ಟ, ಕೃಷ್ಣಕಥೆಯನ್ನು ‘ಜಗನ್ನಾಥ ವಿಜಯ’ವಾಗಿ ಬರೆದನು. ಕವಿಗಳ ಮತ ಬೇರೆಯಾದರೂ ಮನ್ನಣೆಗೆ ಅದು ಅಡ್ಡಿಯಾಗಲಿಲ್ಲ.

ಸ್ವಾತಂತ್ರ್ಯಾನಂತರ ಅರಸರ ಸ್ಥಾನಕ್ಕೆ ಅಕಾಡೆಮಿ, ಪ್ರತಿಷ್ಠಾನ, ಸರ್ಕಾರಗಳು ಬಂದವು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ನೇ ಸಾಲಿನ ಜ್ಞಾನಪೀಠ ಹಾಗೂ 1987ರಲ್ಲಿ ರಾಜ್ಯ ಸರ್ಕಾರದ ಮೊದಲ ಪಂಪ ಪ್ರಶಸ್ತಿ ಸಂದವು. ರಾಮಕಥೆ ಎಂಬ ಒಂದೇ ಕಾರಣಕ್ಕೆ ಬಂದ ಗೌರವ ಇದಲ್ಲ. ಸೀತೆಯೊಡನೆ ರಾಮನೂ ಅಗ್ನಿಪ್ರವೇಶ ಮಾಡುವ, ರಾವಣನ ಮನಸ್ಸೂ ಪರಿವರ್ತನೆಗೊಳ್ಳುವ ಹೊಸ ದರ್ಶನ ಅಲ್ಲಿದೆ. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಾಲುಗಳನ್ನು ಹೊತ್ತು ಸಾಗುವ ‘ಮಹಾಛಂದಸ್ಸು’ ಇದೆ.

ಪಂಪ ಪ್ರಶಸ್ತಿಯ ಮುಂದಿನ ವರ್ಷಗಳು ಇನ್ನಷ್ಟು ಕುತೂಹಲಕರ. 1991ರಲ್ಲಿ ಅದು ಪು.ತಿ. ನರಸಿಂಹಾಚಾರ್ ಅವರ ಕೃಷ್ಣಕಾವ್ಯ ‘ಶ್ರೀಹರಿಚರಿತೆ’ಗೆ ಲಭಿಸಿತು. ಮರುವರ್ಷವೇ ಎ.ಎನ್. ಮೂರ್ತಿರಾಯರ ‘ದೇವರು’ ಎಂಬ ಗದ್ಯಕೃತಿಗೆ ಸಂದಿತು. ದೇವರ ಅಸ್ತಿತ್ವವನ್ನೇ ಪ್ರಶ್ನಿಸುವ ಪುಸ್ತಕವದು. ಒಂದೇ ಪ್ರಶಸ್ತಿ ಭಕ್ತನನ್ನೂ ಸಂದೇಹವಾದಿಯನ್ನೂ ಗೌರವಿಸಿದ ನಿದರ್ಶನ ಇದು.

ಭಕ್ತಿಗೀತೆ, ಆಧುನಿಕ ವಚನ, ಮುಕ್ತಕಗಳನ್ನು ಬರೆದು ಬಹುಮಾನಕ್ಕೆ ಕಳುಹಿಸುವವರು ಇಂದಿಗೂ ಹಲವರಿದ್ದಾರೆ. ದೇವರ ಹೆಸರಿದ್ದ ಮಾತ್ರಕ್ಕೆ ಪದ್ಯ ಕಾವ್ಯವಾಗದು, ಇಲ್ಲದ ಮಾತ್ರಕ್ಕೆ ಅಧ್ಯಾತ್ಮದಿಂದ ದೂರವೂ ಆಗದು. ತೀರ್ಪುಗಾರರು ಮತವನ್ನು ನೋಡಿ ಮಣೆ ಹಾಕಿದರೆ ಅನ್ಯಮತದ ಓದುಗ ಆ ಪುಸ್ತಕ ತೆರೆಯಲಾರ. ಪ್ರಶಸ್ತಿಯ ಬೆಲೆಯೂ ಉಳಿಯದು. ಜನ್ನನನ್ನು ಇಂದಿಗೂ ಜೈನರಷ್ಟೇ ಓದುತ್ತಿಲ್ಲ. ಪ್ರಶಸ್ತಿಗೆ ಅರ್ಹವಾದ ಧಾರ್ಮಿಕ ಕಾವ್ಯದ ಲಕ್ಷಣ ಅದೇ.