ಹದಿನಾಲ್ಕು ರಾತ್ರಿ, ನಾಲ್ಕು ಜನ: ದ್ವೀಪದ ರಜೆಯ ಲೆಕ್ಕ

ಬೆಂಗಳೂರಿನ ನಾಲ್ವರ ಕುಟುಂಬವೊಂದು ಅಂಡಮಾನ್‌ನಲ್ಲಿ 5 ರಾತ್ರಿ ಕಳೆದರೆ ರಾತ್ರಿಯೊಂದಕ್ಕೆ ₹27,425 ಬೀಳುತ್ತದೆ. ಅದೇ ಕುಟುಂಬ 14 ರಾತ್ರಿ ಉಳಿದರೆ ಬೀಳುವುದು ₹15,339. ಇಳಿಕೆ ಶೇ 44. ಮೊದಲ ಐದು ರಾತ್ರಿಗಳ ಒಟ್ಟು ಖರ್ಚು ₹1,37,125 ಆದರೆ, ಆಮೇಲಿನ ಒಂಬತ್ತು ರಾತ್ರಿಗಳದ್ದು ₹77,625 ಮಾತ್ರ. ದ್ವೀಪಕ್ಕೆ ಹೋಗಿ ಬರುವುದು ದುಬಾರಿ, ಹೋದಮೇಲೆ ಅಲ್ಲಿರುವುದು ಅಷ್ಟೇನೂ ಅಲ್ಲ.

ಕುಟುಂಬವೆಂದರೆ ಇಲ್ಲಿ ಗಂಡ, ಹೆಂಡತಿ, 12 ಮತ್ತು 8 ವರ್ಷದ ಇಬ್ಬರು ಮಕ್ಕಳು. ವಿಮಾನದ ಟಿಕೆಟ್, ಕೋಣೆ, ಊಟ, ದೋಣಿಯ ದರಗಳು ಲೆಕ್ಕಕ್ಕಾಗಿ ಹಿಡಿದುಕೊಂಡ ಮಧ್ಯಮ ಅಂದಾಜು. ಓದುಗರು ತಮಗೆ ಸಿಕ್ಕ ದರ ಹಾಕಿ ಕೂಡಿಕೊಳ್ಳಬಹುದು. ತೆರಿಗೆ, ಶುಲ್ಕ, ದಿನಾಂಕಗಳು ಅಂದಾಜಲ್ಲ. ಡಾಲರಿಗೆ ₹90 ಎಂದು ಹಿಡಿಯಲಾಗಿದೆ.

ಅಂಡಮಾನ್ ಲೆಕ್ಕದಲ್ಲಿ ಸ್ಥಿರ ವೆಚ್ಚ, ಅಂದರೆ ಎಷ್ಟು ದಿನ ಇದ್ದರೂ ಬದಲಾಗದ ಖರ್ಚು, ₹94,000. ಇದರಲ್ಲಿ ತಲಾ ₹16,000ದಂತೆ ಹೋಗಿಬರುವ ವಿಮಾನಕ್ಕೆ ₹64,000. ದ್ವೀಪದಿಂದ ದ್ವೀಪಕ್ಕೆ ದೋಣಿಗೆ ₹18,000. ಸ್ಕೂಬಾ ಡೈವಿಂಗ್‌ಗೆ ₹12,000. ಡೈವಿಂಗ್ ಮೂವರಿಗೆ ಮಾತ್ರ. ಸಾಮಾನ್ಯವಾಗಿ ಕನಿಷ್ಠ ವಯಸ್ಸು 10 ಇರುವುದರಿಂದ ಚಿಕ್ಕದು ದಡದಲ್ಲೇ ಉಳಿಯಬೇಕು. ದಿನ ಹೆಚ್ಚಿದಂತೆ ಏರುವ ಖರ್ಚು ರಾತ್ರಿಗೆ ₹8,625: ತೆರಿಗೆ ಸೇರಿ ಕೋಣೆಗೆ ₹4,725, ಊಟಕ್ಕೆ ₹2,400, ಟ್ಯಾಕ್ಸಿಗೆ ₹1,500. 14 ರಾತ್ರಿಗೆ ಒಟ್ಟು ₹2,14,750. ಅದರಲ್ಲಿ ಸ್ಥಿರ ವೆಚ್ಚದ ಪಾಲು ಶೇ 44. ಐದೇ ರಾತ್ರಿಯಾದರೆ ಈ ಪಾಲು ಶೇ 69ಕ್ಕೆ ಏರುತ್ತದೆ.

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ (2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯ ಪುರಂ) ನೇರ ಗೆರೆಯಲ್ಲಿ ಸುಮಾರು 1,640 ಕಿ.ಮೀ. ಮಾಲ್ದೀವ್ಸ್‌ನ ರಾಜಧಾನಿ ಮಾಲೆಗೆ ಸುಮಾರು 1,100 ಕಿ.ಮೀ. ಸ್ವದೇಶದ ದ್ವೀಪಕ್ಕಿಂತ ಪರದೇಶದ ದ್ವೀಪ 500 ಕಿ.ಮೀ.ಗೂ ಹೆಚ್ಚು ಹತ್ತಿರ. ಭಾರತೀಯರಿಗೆ ಅಲ್ಲಿ 90 ದಿನಗಳವರೆಗೆ ವೀಸಾ ಶುಲ್ಕವೂ ಇಲ್ಲ. ಹೀಗಾಗಿ ದೀರ್ಘ ರಜೆಯ ಯೋಜನೆ ಹಾಕುವ ಮನೆಗಳಲ್ಲಿ ಎರಡನೆಯ ಹೆಸರಾಗಿ ಮಾಲ್ದೀವ್ಸ್ ಬಂದೇ ಬರುತ್ತದೆ. ದೂರದಲ್ಲಿ ಉಳಿದದ್ದು ಎಲ್ಲಿ ಹೋಗುತ್ತದೆ ಎಂಬುದನ್ನು ಅಲ್ಲಿನ ಬಿಲ್ಲು ತೋರಿಸುತ್ತದೆ.

2024ರ ಡಿಸೆಂಬರ್ 1ರಿಂದ ಮಾಲ್ದೀವ್ಸ್ ಬಿಟ್ಟು ಹೊರಡುವ ಪ್ರತಿ ವಿದೇಶಿ ಇಕಾನಮಿ ಪ್ರಯಾಣಿಕ 50 ಡಾಲರ್ ನಿರ್ಗಮನ ತೆರಿಗೆ, 50 ಡಾಲರ್ ವಿಮಾನ ನಿಲ್ದಾಣ ಅಭಿವೃದ್ಧಿ ಶುಲ್ಕ ಕೊಡಬೇಕು. ಅದಕ್ಕೆ ಮೊದಲು ಇವೆರಡೂ ತಲಾ 30 ಡಾಲರ್ ಇದ್ದವು. ಏರಿಕೆ ಶೇ 67. ನಾಲ್ವರಿಗೆ 400 ಡಾಲರ್, ಅಂದರೆ ₹36,000. ಈ ಮೊತ್ತ ಟಿಕೆಟ್ಟಿನೊಳಗೇ ಸೇರಿರುವುದರಿಂದ ಬೇರೆಯಾಗಿ ಕಣ್ಣಿಗೆ ಬೀಳುವುದಿಲ್ಲ. ತಲಾ ₹22,000ದ ಟಿಕೆಟ್ ಎಂದು ಹಿಡಿದರೆ ನಾಲ್ವರ ₹88,000ದಲ್ಲಿ ಶೇ 41 ಈ ಎರಡು ಶುಲ್ಕಗಳದ್ದೇ.

ಇನ್ನು ರಾತ್ರಿಯ ಲೆಕ್ಕ. ಕೋಣೆಯ ಮೂಲ ದರದ ಮೇಲೆ ಶೇ 10 ಸೇವಾ ಶುಲ್ಕ. ಎರಡೂ ಕೂಡಿದ ಮೊತ್ತದ ಮೇಲೆ ಟಿಜಿಎಸ್‌ಟಿ, ಅಂದರೆ ಪ್ರವಾಸೋದ್ಯಮಕ್ಕೆಂದೇ ವಿಧಿಸುವ ಸರಕು ಮತ್ತು ಸೇವಾ ತೆರಿಗೆ. ಇದು 2022ರ ಕೊನೆಯವರೆಗೆ ಶೇ 12 ಇತ್ತು. 2023ರ ಜನವರಿಯಿಂದ ಶೇ 16, 2025ರ ಜುಲೈ 1ರಿಂದ ಶೇ 17. 100 ಡಾಲರಿನ ಕೋಣೆ ಹೀಗೆ 128.70 ಡಾಲರ್ ಆಗುತ್ತದೆ. ಇದರ ಮೇಲೆ ಹಸಿರು ತೆರಿಗೆ. ಇದು ಕೋಣೆಗಲ್ಲ, ತಲೆಗೆ. 2025ರ ಜನವರಿ 1ರಿಂದ ರೆಸಾರ್ಟ್‌ನಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 12 ಡಾಲರ್; ಸ್ಥಳೀಯರು ವಾಸಿಸುವ ದ್ವೀಪದ, 50ಕ್ಕಿಂತ ಹೆಚ್ಚು ಕೋಣೆಗಳಿಲ್ಲದ ಗೆಸ್ಟ್‌ಹೌಸ್‌ನಲ್ಲಿ 6 ಡಾಲರ್. ಮೊದಲು 6 ಮತ್ತು 3 ಇತ್ತು, ಎರಡೂ ದ್ವಿಗುಣವಾಗಿವೆ. ವಿನಾಯಿತಿ ಎರಡು ವರ್ಷದೊಳಗಿನ ಶಿಶುಗಳಿಗಷ್ಟೇ. ನಮ್ಮ ಲೆಕ್ಕದ ಎಂಟು ವರ್ಷದ ಮಗುವೂ ಪೂರ್ತಿ ಕೊಡಬೇಕು.

ತಲೆಗೆ ಹಾಕುವ ತೆರಿಗೆಯ ಭಾರ ಅಗ್ಗದ ಕೋಣೆಯ ಮೇಲೇ ಹೆಚ್ಚು. ರಾತ್ರಿಗೆ 600 ಡಾಲರಿನ ರೆಸಾರ್ಟ್ ಕೋಣೆಯಲ್ಲಿ ನಾಲ್ವರ ಹಸಿರು ತೆರಿಗೆ 48 ಡಾಲರ್, ಮೂಲ ದರದ ಶೇ 8. ರಾತ್ರಿಗೆ 80 ಡಾಲರಿನ ಗೆಸ್ಟ್‌ಹೌಸ್ ಕೋಣೆಯಲ್ಲಿ ಅದು 24 ಡಾಲರ್, ಮೂಲ ದರದ ಶೇ 30. ಎಲ್ಲ ಸೇರಿ 80 ಡಾಲರಿನ ಕೋಣೆ 126.96 ಡಾಲರಿಗೆ ಬಂದು ನಿಲ್ಲುತ್ತದೆ, ಶೇ 59 ಹೆಚ್ಚು. 600 ಡಾಲರಿನದ್ದು 820.20 ಡಾಲರ್, ಶೇ 37 ಹೆಚ್ಚು. ಕಾಯ್ದಿರಿಸುವಾಗ ಮೊದಲು ಕಾಣುವುದು ಬಹುತೇಕ ಮೂಲ ದರವೇ. ಉಳಿತಾಯಕ್ಕೆಂದು ಗೆಸ್ಟ್‌ಹೌಸ್ ಆರಿಸಿಕೊಂಡ ಕುಟುಂಬವೇ ಕೊನೆಯ ಬಿಲ್ಲಿನಲ್ಲಿ ಹೆಚ್ಚಿನ ಪ್ರಮಾಣದ ಏರಿಕೆಯನ್ನು ನೋಡುವುದು.

ಇದೇ ಗೆಸ್ಟ್‌ಹೌಸ್ ಮಾಲೀಕ ತನ್ನ 80 ಡಾಲರಿಗೆ ಒಂದು ಸೆಂಟ್ ಸೇರಿಸದಿದ್ದರೂ, 2022ರಲ್ಲಿ 110.56 ಡಾಲರ್ ಆಗುತ್ತಿದ್ದ ರಾತ್ರಿ ಈಗ 126.96 ಡಾಲರ್. ಏರಿಕೆ ಶೇ 14.8. 14 ರಾತ್ರಿಗೆ ₹20,664ರ ವ್ಯತ್ಯಾಸ, ಪೂರ್ತಿಯಾಗಿ ತೆರಿಗೆಯಿಂದ ಬಂದದ್ದು.

ಹೀಗೆ ಕೂಡಿದರೆ ಮಾಲ್ದೀವ್ಸ್‌ನ ಸ್ಥಳೀಯ ದ್ವೀಪದಲ್ಲಿ 14 ರಾತ್ರಿಗೆ ಬರುವ ಮೊತ್ತ ₹3,90,267. ವಿಮಾನಕ್ಕೆ ₹88,000, ಕೋಣೆಗೆ ₹1,59,970, ಗೆಸ್ಟ್‌ಹೌಸ್‌ನ ಊಟಕ್ಕೆ, ದಿನಕ್ಕೆ 60 ಡಾಲರಿನ ಮೇಲೆ ಅದೇ ಸೇವಾ ಶುಲ್ಕ ಮತ್ತು ಟಿಜಿಎಸ್‌ಟಿ ಸೇರಿ, ₹97,297, ಮಾಲೆಯಿಂದ ಸ್ಪೀಡ್‌ಬೋಟ್‌ಗೆ ₹18,000, ಸಮುದ್ರ ವಿಹಾರಕ್ಕೆ ₹27,000. ಅಂಡಮಾನ್‌ಗಿಂತ ಶೇ 82 ಹೆಚ್ಚು. ರೆಸಾರ್ಟ್ ಆದರೆ ಕೋಣೆಯ ಬಿಲ್ಲೇ ₹10,33,452. ಅಂಡಮಾನ್‌ನ ಇಡೀ ಪ್ರವಾಸದ 4.8 ಪಟ್ಟು.

ದೀರ್ಘ ರಜೆಗೆ ಒಟ್ಟು ಮೊತ್ತಕ್ಕಿಂತ ಹೆಚ್ಚು ನೋಡಬೇಕಾದದ್ದು ಇನ್ನೊಂದು ರಾತ್ರಿ ಉಳಿದರೆ ಎಷ್ಟು ಎಂಬುದನ್ನು. ಅಂಡಮಾನ್‌ನಲ್ಲಿ ಅದು ₹8,625, ಮಾಲ್ದೀವ್ಸ್‌ನ ಗೆಸ್ಟ್‌ಹೌಸ್‌ನಲ್ಲಿ ₹18,376. ಎರಡನೆಯದರಲ್ಲಿ ತೆರಿಗೆ ಮತ್ತು ಸೇವಾ ಶುಲ್ಕವೇ ₹5,776, ಶೇ 31. ಅಂಡಮಾನ್‌ನಲ್ಲಿ ಕೋಣೆ ಮತ್ತು ಊಟದ ಮೇಲಿನ ಜಿಎಸ್‌ಟಿ ಕೂಡಿದರೂ ಸುಮಾರು ₹339, ಶೇ 4. ವಾರ ಮುಗಿದ ಮೇಲೆ ಇನ್ನೆರಡು ದಿನ ಇರೋಣ ಎಂದು ಮಕ್ಕಳು ಹಟ ಹಿಡಿದರೆ ಒಂದು ಕಡೆ ₹17,250, ಇನ್ನೊಂದು ಕಡೆ ₹36,752.

ರೂಪಾಯಿಯೂ ಸುಮ್ಮನಿರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಡಾಲರ್ ಮೊದಲ ಸಲ ₹85 ದಾಟಿತು. 2025ರ ಡಿಸೆಂಬರ್ ಮೊದಲ ವಾರದಲ್ಲಿ ₹90. ಮೇಲಿನ ಮಾಲ್ದೀವ್ಸ್ ಲೆಕ್ಕದಲ್ಲಿ ಟಿಕೆಟ್ ಬಿಟ್ಟು ಡಾಲರಿನಲ್ಲಿ ಕೊಡಬೇಕಾದದ್ದು 3,358 ಡಾಲರ್. ಡಾಲರ್ ಒಂದು ರೂಪಾಯಿ ಏರಿದರೆ ಖರ್ಚು ₹3,358 ಏರುತ್ತದೆ, ಐದು ರೂಪಾಯಿಗೆ ₹16,790. ಆರು ತಿಂಗಳು ಮೊದಲೇ ಯೋಜನೆ ಹಾಕುವವರು ಬಜೆಟ್ಟಿನಲ್ಲಿ ಈ ಮೊತ್ತವನ್ನು ಪ್ರತ್ಯೇಕವಾಗಿ ಇಡುವುದು ಒಳ್ಳೆಯದು.

ರೆಸಾರ್ಟ್ ಪ್ಯಾಕೇಜ್ ಕೊಳ್ಳುವವರಿಗೆ ಟಿಸಿಎಸ್ ಬೇರೆ. ಮಾರುವವರು ಬಿಲ್ಲಿನಲ್ಲೇ ಸಂಗ್ರಹಿಸಿ ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಮುಂಗಡ ತೆರಿಗೆ ಇದು. 2025-26ನೇ ಹಣಕಾಸು ವರ್ಷದ ನಿಯಮದಂತೆ ವಿದೇಶ ಪ್ಯಾಕೇಜಿನ ಮೊದಲ ₹10 ಲಕ್ಷಕ್ಕೆ ಶೇ 5, ಮಿಕ್ಕಿದ್ದಕ್ಕೆ ಶೇ 20 ಇತ್ತು. ₹12 ಲಕ್ಷದ ಪ್ಯಾಕೇಜಿಗೆ ₹90,000 ಆಗುತ್ತಿತ್ತು. ಅದರ ಹಿಂದಿನ ವರ್ಷ ಮಿತಿ ₹7 ಲಕ್ಷ ಇದ್ದಾಗ ಇದೇ ಪ್ಯಾಕೇಜಿಗೆ ₹1,35,000 ಆಗುತ್ತಿತ್ತು. ರಿಟರ್ನ್ಸ್ ಸಲ್ಲಿಸುವಾಗ ಇದು ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಖರ್ಚಲ್ಲ. ಆದರೆ ಅಲ್ಲಿಯವರೆಗೆ ಕೈಯಿಂದ ಹೋದ ಹಣವೇ.

2023ರಲ್ಲಿ ಮಾಲ್ದೀವ್ಸ್‌ಗೆ ಹೋದ ಭಾರತೀಯರು ಸುಮಾರು 2.09 ಲಕ್ಷ. 2024ರಲ್ಲಿ ಸುಮಾರು 1.31 ಲಕ್ಷ, ಶೇ 37 ಇಳಿಕೆ. ಅದೇ ವರ್ಷ ಅಲ್ಲಿಗೆ ಬಂದ ಒಟ್ಟು ಪ್ರವಾಸಿಗರು ಸುಮಾರು ಶೇ 9 ಹೆಚ್ಚಿ 20 ಲಕ್ಷ ದಾಟಿದರು. ಭಾರತೀಯರ ಇಳಿಕೆಗೆ ಎರಡು ದೇಶಗಳ ನಡುವಿನ ಆ ವರ್ಷದ ರಾಜತಾಂತ್ರಿಕ ಮನಸ್ತಾಪ ಮುಖ್ಯ ಕಾರಣ. ಮೇಲೆ ಹೇಳಿದ ಶುಲ್ಕಗಳ ಏರಿಕೆಯ ಬಹುಪಾಲು ಬಂದದ್ದು ಆಮೇಲೆ.

ಅಂಡಮಾನ್‌ನ ಕೋಣೆ ಬಾಡಿಗೆಯಲ್ಲಿ ಗಮನಿಸಬೇಕಾದ ಅಂಕಿ ₹7,500. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ಹೋಟೆಲ್ ಕೋಣೆಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅದನ್ನು ಮೀರಿದರೆ ಶೇ 18. ನಮ್ಮ ಲೆಕ್ಕದ ₹4,500ರ ಕೋಣೆಗೆ ಇದರಿಂದ ರಾತ್ರಿಗೆ ₹315, 14 ರಾತ್ರಿಗೆ ₹4,410 ಉಳಿತಾಯ. ಗಡಿಯ ಬಳಿ ಲೆಕ್ಕ ಬೇರೆ. ₹7,500ರ ಕೋಣೆ ತೆರಿಗೆ ಸೇರಿ ₹7,875, ₹7,600ರದ್ದು ₹8,968. ₹100 ಹೆಚ್ಚಿನ ಕೋಣೆಗೆ ₹1,093 ಹೆಚ್ಚು ಕೊಟ್ಟಂತೆ.

ದೋಣಿಗೆ ಒಬ್ಬರಿಗೆ ಒಂದು ಸಲಕ್ಕೆ ₹1,500 ಎಂದು ಹಿಡಿದರೆ ನಾಲ್ವರಿಗೆ ₹6,000. ಪೋರ್ಟ್ ಬ್ಲೇರ್, ಸ್ವರಾಜ್ ದ್ವೀಪ (2018ರವರೆಗೆ ಹ್ಯಾವ್‌ಲಾಕ್), ಶಹೀದ್ ದ್ವೀಪ (ನೀಲ್), ಮತ್ತೆ ಪೋರ್ಟ್ ಬ್ಲೇರ್: ಮೂರು ಪಯಣ, ₹18,000. ಇದರ ಮೇಲೆ ಇನ್ನೊಂದು ದ್ವೀಪ ಸೇರಿಸಿದರೆ ಹೋಗಿಬರಲು ₹12,000, ಜತೆಗೆ ಎರಡು ಅರ್ಧ ದಿನ. ಒಂದು ಪಯಣದ ಹಣದಲ್ಲಿ ಒಂದು ಹೆಚ್ಚುವರಿ ರಾತ್ರಿಯ ಶೇ 70 ಬರುತ್ತದೆ. ದ್ವೀಪಗಳ ಎಣಿಕೆ ಹೆಚ್ಚಿಸುವ ಪ್ಯಾಕೇಜುಗಳಿಗಿಂತ ಒಂದೇ ಕಡೆ ಆರು ರಾತ್ರಿ ಇರುವುದು ಅಗ್ಗ, ಮಕ್ಕಳಿಗೂ ಹಿತ.

ಸಮುದ್ರ ಮಾರ್ಗ ಅಗ್ಗವಾದರೂ ದಿನ ತಿನ್ನುತ್ತದೆ. ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಹಡಗು ಸುಮಾರು 60 ಗಂಟೆ ತೆಗೆದುಕೊಳ್ಳುತ್ತದೆ. ಹೋಗಿಬರಲು ಐದು ದಿನ, 15 ದಿನದ ರಜೆಯ ಮೂರನೇ ಒಂದು ಭಾಗ.

ಹಗಲಿನ ಲೆಕ್ಕವನ್ನೂ ಹಾಕಬೇಕು. ಪೋರ್ಟ್ ಬ್ಲೇರ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಆದರೆ ಗಡಿಯಾರ ಒಂದೇ. ಹೀಗಾಗಿ ಸೂರ್ಯ ಅಲ್ಲಿ ಒಂದು ಗಂಟೆ ಮೊದಲು. ಏಪ್ರಿಲ್ ಮಧ್ಯದಲ್ಲಿ ಬೆಳಗಾಗುವುದು 5ರ ಸುಮಾರಿಗೆ, ಸೂರ್ಯಾಸ್ತ ಸಂಜೆ 5.30ರ ಹೊತ್ತಿಗೆ. ರಜೆಯೆಂದು 8 ಗಂಟೆಗೆ ಏಳುವ ಮನೆಯವರು 12 ಗಂಟೆ ಚಿಲ್ಲರೆ ಹಗಲಿನಲ್ಲಿ ಸುಮಾರು ಕಾಲು ಭಾಗವನ್ನು ಹಾಸಿಗೆಯಲ್ಲೇ ಕಳೆದಿರುತ್ತಾರೆ.

ಏಪ್ರಿಲ್ ಎಂದೇ ಹೇಳಿದ್ದಕ್ಕೆ ಕಾರಣವಿದೆ. 2025ರಲ್ಲಿ ರಾಜ್ಯದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, 48 ದಿನ. ಆ ವರ್ಷ ನೈರುತ್ಯ ಮುಂಗಾರು ಅಂಡಮಾನ್ ಸಮುದ್ರದ ದಕ್ಷಿಣ ಭಾಗಕ್ಕೆ ಮೇ 13ಕ್ಕೇ ಬಂತು. ಕೇರಳಕ್ಕೆ ಬಂದದ್ದು ಮೇ 24ಕ್ಕೆ. ಕರಾವಳಿಯಲ್ಲಿ ಮಳೆಗಾಲಕ್ಕೆ ಇನ್ನೂ ಸಮಯವಿದೆ ಎನ್ನುವಾಗಲೇ ಅಂಡಮಾನ್‌ನಲ್ಲಿ ಅದು ಶುರುವಾಗಿರುತ್ತದೆ. 48 ದಿನಗಳಲ್ಲಿ ಮುಂಗಾರಿಗೆ ಮೊದಲು ಸಿಕ್ಕಿದ್ದು 32. ಮಾಲ್ದೀವ್ಸ್‌ನಲ್ಲೂ ಒಣ ಕಾಲ ಏಪ್ರಿಲ್‌ಗೆ ಮುಗಿಯುತ್ತದೆ. ದಸರಾ ರಜೆ ಎರಡೂ ಕಡೆ ಮಳೆಗಾಲದೊಳಗೇ ಬೀಳುತ್ತದೆ.

ಕೇಂದ್ರ ಸರ್ಕಾರಿ ನೌಕರರಿಗೆ ಇನ್ನೊಂದು ದಿನಾಂಕವೂ ಮುಖ್ಯ: 2026ರ ಸೆಪ್ಟೆಂಬರ್ 25. ಎಲ್‌ಟಿಸಿ, ಅಂದರೆ ರಜಾ ಪ್ರಯಾಣ ಸೌಲಭ್ಯದಲ್ಲಿ ಅಂಡಮಾನ್‌ಗೆ ವಿಮಾನದಲ್ಲಿ ಹೋಗಲು ಕೊಟ್ಟಿರುವ ವಿಶೇಷ ಸಡಿಲಿಕೆಯನ್ನು ಅಲ್ಲಿಯವರೆಗೆ ವಿಸ್ತರಿಸಲಾಗಿದೆ. ವಿಮಾನ ಪ್ರಯಾಣದ ಅರ್ಹತೆ ಇದ್ದವರಿಗೆ ₹64,000 ಪೂರ್ತಿ ಮರುಪಾವತಿಯಾದರೆ ಒಟ್ಟು ಖರ್ಚು ₹1,50,750ಕ್ಕೆ ಇಳಿಯುತ್ತದೆ, ಶೇ 30 ಕಡಿಮೆ. ಅರ್ಹತೆ ಇಲ್ಲದ ದರ್ಜೆಯವರಿಗೂ ಚೆನ್ನೈನಿಂದ ಮುಂದಕ್ಕೆ ಇಕಾನಮಿ ಟಿಕೆಟ್ ಸಿಗುತ್ತದೆ. ಬೆಂಗಳೂರಿನಿಂದ ಚೆನ್ನೈವರೆಗೆ ತಮ್ಮ ದರ್ಜೆಯ ರೈಲು. ಟಿಕೆಟ್ಟನ್ನು ಸರ್ಕಾರ ಹೆಸರಿಸಿದ ಏಜೆಂಟರ ಮೂಲಕವೇ ಕೊಳ್ಳಬೇಕು. ಕಡಿಮೆ ದರ ಕಂಡಿತೆಂದು ಬೇರೆ ಕಡೆ ಕೊಂಡರೆ ಮರುಪಾವತಿ ಕೈತಪ್ಪಬಹುದು.

ಕೊನೆಯದಾಗಿ ರಾತ್ರಿಗಳ ಹಂಚಿಕೆ. ಪೋರ್ಟ್ ಬ್ಲೇರ್ 1, ಸ್ವರಾಜ್ ದ್ವೀಪ 6, ಶಹೀದ್ ದ್ವೀಪ 4, ಮತ್ತೆ ಪೋರ್ಟ್ ಬ್ಲೇರ್ 3. ಸಮುದ್ರ ಕೆಟ್ಟರೆ ದೋಣಿ ರದ್ದಾಗುತ್ತದೆ. ಶಹೀದ್ ದ್ವೀಪದಿಂದ ನೇರ ವಿಮಾನಕ್ಕೆ ಓಡುವ ಯೋಜನೆ ಹಾಕಿದವರು ಆ ದಿನ ಕಳೆದುಕೊಳ್ಳುವುದು ವಾಪಸಿನ ನಾಲ್ಕು ಟಿಕೆಟ್, ₹32,000. ಹೊಸದನ್ನು ಅಂದಿನ ದರಕ್ಕೆ ಕೊಳ್ಳಬೇಕು. ಸೆಲ್ಯುಲಾರ್ ಜೈಲು, ರಾಸ್ ದ್ವೀಪ ನೋಡಲು ಹೇಗೂ ಬೇಕಾದ ಆ ಮೂರು ರಾತ್ರಿಗಳನ್ನು ಮೊದಲಿನಿಂದ ಕೊನೆಗೆ ಸರಿಸಲು ತಗಲುವ ಹೆಚ್ಚುವರಿ ಖರ್ಚು ₹0.