ಬ್ಯಾಳಿ ಹೊತ್ತು ಮನಿಮನಿಗೆ

ನಮ್ಮ ಗೊಬ್ಬೂರಿನದು ಕಪ್ಪು ನೆಲ, ಮಳಿ ನಂಬಿದ ತೊಗರಿ. ‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು. ಆದರೆ ಹೆಸರು ಬಂದ ಮಾತ್ರಕ್ಕೆ ಗಿರಾಕಿ ನಮ್ಮ ಬಾಗಿಲಿಗೆ ಬರೋದಿಲ್ಲ.

ಮೊದಲ ವರ್ಷ 2 ಕ್ವಿಂಟಲ್ ತೊಗರಿ ಅಡತಿಗೆ ಹಾಕದೆ ಉಳಿಸಿಕೊಂಡೆ. ಎಣ್ಣೆ ಹಚ್ಚಿ, ಬಿಸಿಲಿಗೆ ಒಣಗಿಸಿ, ಮಿಲ್ಲಿನಲ್ಲಿ ಒಡೆಸಿದಾಗ ಕ್ವಿಂಟಲಿಗೆ 65-70 ಕಿಲೊ ಬ್ಯಾಳಿ ಬಂತು. ಹೊಟ್ಟು, ನುಚ್ಚು ದನಕ್ಕಾಯಿತು. ಕಲಬುರಗಿಯ ಬೀಗರ ಓಣಿಯಲ್ಲಿ ಮನೆಗೆ ಪಾವು ಕಿಲೊ ಪುಕ್ಕಟೆ ಕೊಟ್ಟು, “ಕುದಿಸಿ ನೋಡ್ರಿ, ಮನಸಿಗೆ ಬಂದ್ರ ಹೇಳ್ರಿ” ಅಂದೆ. 11 ಮನೆಯವರು ಮತ್ತೆ ಕೇಳಿದರು.

ಮರುವರ್ಷ ಬೇಡಿಕೆ ಹೆಚ್ಚಿತು. ಆಸೆಗೆ ಬಿದ್ದು ಬೇರೆ ಕಡೆಯ ತೊಗರಿ ಕೊಂಡು ಬೆರೆಸಿದೆ. ಅದು ಬೇಗ ಬೇಯಲಿಲ್ಲ. “ಕಾಕಾ, ಇದು ನಿಮ್ಮ ಹೊಲದ್ದಲ್ರಿ” ಎಂದು ಒಬ್ಬ ಹೆಣ್ಣುಮಗಳು ಮುಖಕ್ಕೇ ಅಂದಳು. ನಾಚಿಕೆಯಾಯಿತು. ಮನಿಮನಿಗೆ ಹೋಗಿ ತಪ್ಪು ಒಪ್ಪಿ, ಬ್ಯಾಳಿ ವಾಪಸ್ ತಗೊಂಡು ರೊಕ್ಕ ತಿರುಗಿ ಕೊಟ್ಟೆ. ಎರಡು ಮನೆ ಕೈಬಿಟ್ಟವು. ಉಳಿದವರೇ ತಮ್ಮ ನೆಂಟರಿಗೆ ಹೇಳಿ, ಈಗ 40 ಮನಿ ಆಗ್ಯಾವ.

ಚೀಲದ ಮೇಲೆ ಊರು, ಬೆಳೆದ ವರ್ಷ, ಒಡೆಸಿದ ತಿಂಗಳು ಬರೀತೀನಿ. ನನ್ನ ಹೊಲದ್ದು ತೀರಿದರೆ “ತೀರೇದ” ಅಂತೀನಿ. ಎಲ್ಲಾ ತೊಗರಿ ಹೀಗೆ ಮಾರಲು ಆಗೋದಿಲ್ಲ. ಹೆಚ್ಚಿನದು ಇಂದಿಗೂ ಅಡತಿಗೇ. ನೀವೂ ಒಂದು ಕ್ವಿಂಟಲಿನಿಂದ ಶುರು ಮಾಡಿ ನೋಡ್ರಿ.